ಹುಳುವಿನ ಮೇಲಿನ ಪ್ರಯೋಗ ಔಷಧಿಯಾಗುವುದು ಯಾವಾಗ?

ವಿದ್ಯಾರ್ಥಿಗಳು ಒಂದು ಜೀವಿಯ ಜೀನ್ ಬದಲಿಸಿದರು, ಇನ್ನು ರೋಗಕ್ಕೆ ಮದ್ದು ಸಿಕ್ಕಂತೆಯೇ ಎಂಬಂಥ ಸುದ್ದಿಯನ್ನು ನೀವು ಓದಿರಬಹುದು. ಮನೆಯಲ್ಲಿ ಕಾಯಿಲೆಯವರಿದ್ದಾಗ ಇಂಥ ಸುದ್ದಿ ಆಸೆ ಹುಟ್ಟಿಸುತ್ತದೆ. ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಸಿಂಥೆಟಿಕ್ ಬಯಾಲಜಿ ಎಂದರೇನು?

ಜೀವಕೋಶದ ಡಿಎನ್‌ಎಗೆ ಹೊಸ ಸೂಚನೆ ಸೇರಿಸಿ, ಬೇಕಾದ ಕೆಲಸ ಮಾಡಿಸುವ ವಿಜ್ಞಾನ ಇದು. ಐಜೆಮ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ವಿದ್ಯಾರ್ಥಿ ತಂಡಗಳು ಇಂಥ ಯೋಜನೆಗಳನ್ನು ಮಂಡಿಸುತ್ತವೆ. ಬೆಂಗಳೂರಿನ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆಯ ತಂಡ 2009ರಲ್ಲಿ ಬ್ಯಾಕ್ಟೀರಿಯಾದಿಂದ ಮೊದಲ ಮಳೆಯ ಮಣ್ಣಿನ ವಾಸನೆ ಬರಿಸುವ ಯೋಜನೆ ಕೈಗೊಂಡಿತು. ಮರುವರ್ಷ ಸಿ. ಎಲೆಗನ್ಸ್ ಎಂಬ ಹುಳುವನ್ನು ಆರಿಸಿಕೊಂಡಿತು.

ಹುಳುವೇ ಏಕೆ?

ಬ್ಯಾಕ್ಟೀರಿಯಾ ಎಂದರೆ ಒಂದೇ ಕೋಶ. ಈ ಹುಳು ಸುಮಾರು 1 ಮಿಲಿಮೀಟರ್ ಉದ್ದವಿದ್ದರೂ ಅದಕ್ಕೆ ಕರುಳು, ಸ್ನಾಯು, 302 ನರಕೋಶಗಳಿವೆ. ಹಾಗಾಗಿ ಒಂದು ಬದಲಾವಣೆ ಯಾವ ಅಂಗದಲ್ಲಿ ಏನು ಮಾಡುತ್ತದೆ ಎಂದು ನೋಡಬಹುದು. ನಮ್ಮ ಔಷಧಿಗಳ ಕಷ್ಟವೂ ಇದೇ: ಬೇಕಾದ ಅಂಗವನ್ನು ತಲುಪಬೇಕು, ಉಳಿದವಕ್ಕೆ ತೊಂದರೆಯಾಗಬಾರದು.

ಇದರಿಂದ ಔಷಧಿ ಬಂದಿದೆಯೇ?

ವಿದ್ಯಾರ್ಥಿಗಳ ಯೋಜನೆಯಿಂದಲ್ಲ, ಆದರೆ ಇದೇ ಹುಳುವಿನ ಅಧ್ಯಯನದಿಂದ ಬಂದಿದೆ. ಎರಡೆಳೆಯ ಆರ್‌ಎನ್‌ಎ ಕೊಟ್ಟರೆ ನಿರ್ದಿಷ್ಟ ಜೀನ್ ಸುಮ್ಮನಾಗುತ್ತದೆ ಎಂದು ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಈ ಹುಳುವಿನಲ್ಲಿ ತೋರಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಬಂತು. ಈ ತತ್ವದ ಮೊದಲ ಔಷಧಿ ಪ್ಯಾಟಿಸಿರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2018ರಲ್ಲಿ, ಅಂದರೆ 20 ವರ್ಷಗಳ ನಂತರ.

ಭಾರತದಲ್ಲೂ ಸಿಗುವ ಇನ್‌ಕ್ಲಿಸಿರಾನ್ ಇದೇ ಗುಂಪಿನದು. ಇದು ಯಕೃತ್ತಿನಲ್ಲಿ ಕೆಲಸ ಮಾಡಿ ಎಲ್‌ಡಿಎಲ್ ಕೊಲೆಸ್ಟರಾಲ್ ಅನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮೊದಲ ಇಂಜೆಕ್ಷನ್, 3 ತಿಂಗಳಿಗೆ ಎರಡನೆಯದು, ಆಮೇಲೆ 6 ತಿಂಗಳಿಗೊಮ್ಮೆ. ಸಾಮಾನ್ಯವಾಗಿ ಸ್ಟ್ಯಾಟಿನ್ ಮಾತ್ರೆಯ ಜೊತೆಗೇ ಕೊಡುತ್ತಾರೆ. ಆದ್ದರಿಂದ ಇಂಜೆಕ್ಷನ್ ಶುರುವಾಯಿತೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ.

ಹೊಸ ಸುದ್ದಿ ಕೇಳಿದಾಗ

ನೀವು ಕೋಲ್ಕತ್ತದಲ್ಲಿರಲಿ, ಕಲಬುರಗಿಯಲ್ಲಿರಲಿ, ಈ ಮೂರನ್ನು ವಿಚಾರಿಸಿ:

• ಪ್ರಯೋಗ ಯಾರ ಮೇಲೆ ಆಗಿದೆ? ಕೋಶ, ಹುಳು, ಇಲಿ ಅಥವಾ ಮನುಷ್ಯ?
• ಮನುಷ್ಯರ ಮೇಲೆ ಆಗಿದ್ದರೆ ಎಷ್ಟು ಜನ, ಎಷ್ಟು ಕಾಲ?
• ಭಾರತದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿದೆಯೇ?

ಉತ್ತರ ಹುಳು ಅಥವಾ ಇಲಿಯಲ್ಲೇ ನಿಂತಿದ್ದರೆ ಅದು ಒಳ್ಳೆಯ ವಿಜ್ಞಾನವಿರಬಹುದು, ಇವತ್ತಿನ ಚಿಕಿತ್ಸೆಯಲ್ಲ. ಈಗ ತೆಗೆದುಕೊಳ್ಳುತ್ತಿರುವ ಔಷಧಿ ಮುಂದುವರಿಸಿ. ಸುದ್ದಿಯ ಪ್ರತಿಯನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ ಕೇಳಿ.