ಬೆಂಗಳೂರಿನ ಮಳೆಗೆ ಹೊಂದುವ ಕೈತೋಟ

ಊರಿನಿಂದ ಬಂದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ನೆಲೆಸಿದ ನಾವು ಮನೆ ಕಟ್ಟಿದ ಕೂಡಲೇ ಎರಡು ಕೆಲಸ ಮಾಡುತ್ತೇವೆ. ಊರಿನ ತೆಂಗಿನ ಸಸಿಯೊಂದನ್ನು ಕಂಪೌಂಡಿನ ಮೂಲೆಯಲ್ಲಿ ನೆಡುತ್ತೇವೆ, ಉಳಿದ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸುತ್ತೇವೆ. ಎರಡನ್ನೂ ಪ್ರೀತಿಯಿಂದಲೇ ಮಾಡಿದ್ದು. ಆದರೆ 30×40 ಅಡಿಯ ನಿವೇಶನದಲ್ಲಿ ಹದಿನೈದು ವರ್ಷ ಕಳೆದಾಗ ಆ ತೆಂಗಿನ ಮಡಲು ಬೀಳುವುದು ಪಕ್ಕದ ಮನೆಯವರ ಕಾರಿನ ಮೇಲೆ. ಟೈಲ್ಸ್ ಮೇಲೆ ಬಿದ್ದ ಮಳೆನೀರು ಹೋಗುವುದು ರಸ್ತೆಗೆ, ಅಲ್ಲಿಂದ ತಗ್ಗಿನಲ್ಲಿರುವ ಯಾರದೋ ಮನೆಯೊಳಗೆ.

ಮೊದಲು ಇಲ್ಲಿಯ ಮಳೆಯ ಸ್ವಭಾವ ತಿಳಿಯಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡದೆ ಸುರಿಯುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿ.ಮೀ., ನಮ್ಮೂರಿನ ಕಾಲು ಭಾಗದಷ್ಟು. ಆದರೆ ಅದು ಬರುವ ರೀತಿಯೇ ಬೇರೆ. ಏಪ್ರಿಲ್, ಮೇ ತಿಂಗಳ ಸಂಜೆ ಮೊದಲು ಗಾಳಿ, ಅದರ ಹಿಂದೆಯೇ ಗುಡುಗು, ಒಂದೆರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ. 2024ರ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿದು ಜೂನ್ ತಿಂಗಳ ಹಳೆಯ ದಾಖಲೆ ಮುರಿಯಿತು, ನಗರದಲ್ಲಿ ನೂರಾರು ಮರಗಳು ಉರುಳಿದವು. 2025ರ ಮೇ 19ರಂದು ಬಿ.ಟಿ.ಎಂ. ಲೇಔಟಿನ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಗೆ ನುಗ್ಗಿದ ನೀರನ್ನು ಹೊರಹಾಕಲು ಹೋಗಿ ವಿದ್ಯುತ್ ತಗಲಿ ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬ ಬಾಲಕ.

ಇದೇ ಊರಿನಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರು ಅದು. ಮಾರ್ಚ್‌ನಲ್ಲಿ ಬರ, ಜೂನ್‌ನಲ್ಲಿ ನೆರೆ. ನಮ್ಮ ಕೈತೋಟ ಎರಡನ್ನೂ ತಾಳಬೇಕು.

ಲೆಕ್ಕ ಸುಲಭ. ನೂರು ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಒಂದು ಸಾವಿರ ಲೀಟರ್. ಆ ಜೂನ್ 2ರಂದು ಅಷ್ಟು ತಾರಸಿಯ ಮೇಲೆ ಬಿದ್ದದ್ದು ಹನ್ನೊಂದು ಸಾವಿರ ಲೀಟರ್‌ಗಿಂತ ಹೆಚ್ಚು, ಸಣ್ಣ ಟ್ಯಾಂಕರ್ ಎರಡರಷ್ಟು! ತಿಂಗಳುಗಟ್ಟಲೆ ಟ್ಯಾಂಕರ್‌ಗೆ ಹಣ ತೆತ್ತವರು ಆ ದಿನ ಅದನ್ನೆಲ್ಲ ಚರಂಡಿಗೆ ಬಿಟ್ಟರು. 60×40 ಅಡಿಯ ಹಳೆಯ ಮನೆಗಳಿಗೂ 30×40 ಅಡಿಯ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ 2009ರ ಕಾನೂನಿನಿಂದಲೇ ಕಡ್ಡಾಯ. ಆದರೂ ಎಷ್ಟೋ ಮನೆಗಳಲ್ಲಿ ಡ್ರಮ್ ಒಂದು ತೋರಿಕೆಗೆ ನಿಂತಿರುತ್ತದೆ, ಪೈಪ್ ಮಾತ್ರ ರಸ್ತೆಗೆ. ಹೇಗೆ ಮಾಡಬೇಕೆಂದು ಕಣ್ಣಾರೆ ನೋಡಬೇಕಾದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಕೇಂದ್ರವಿದೆ. ಜಾಗ ಇದ್ದವರು ಇಂಗುಬಾವಿ ತೋಡಿಸಬಹುದು. ಮೂರು ಅಡಿ ಅಗಲಕ್ಕೆ ಸಿಮೆಂಟ್ ಬಳೆ ಇಳಿಸಿ ಮಾಡುವ ಬಾವಿ ಅದು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಮುಂದಿನದನ್ನು ಸೋಸಿ ಬಾವಿಗೆ ಹಾಯಿಸಬೇಕು. ಸಂಗ್ರಹದ ಡ್ರಮ್ಮಿಗೆ ಮುಚ್ಚಳ ಬಿಗಿಯಾಗಿರಲಿ, ಡೆಂಗ್ಯೂ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆ ಇಡುವುದು.

ಅಂಗಳವನ್ನು ಪೂರ್ತಿ ಮುಚ್ಚಬೇಡಿ. ಕಾರು ನಿಲ್ಲುವಲ್ಲಿ ಚಪ್ಪಡಿ ಕಲ್ಲು ಹಾಸಿ, ನಡುವಿನ ಸಂದಿಗೆ ಸಿಮೆಂಟ್ ತುಂಬದೆ ಗರಿಕೆ ಬಿಟ್ಟರೂ ಎಷ್ಟೋ ನೀರು ಕೆಳಗಿಳಿಯುತ್ತದೆ. ಹಾಸುಹುಲ್ಲಿನ ಲಾನ್ ಮೇಲೆ ನಮಗೆ ಅಷ್ಟು ಮೋಹವಿಲ್ಲ. ನೋಡಲು ಚೆಂದ, ಬೇಸಿಗೆಯಲ್ಲಿ ದಿನಾ ನೀರು ಕೇಳುತ್ತದೆ. ನೆರಳು, ತೇವ ಇರುವ ಕಡೆ ಒಂದೆಲಗ ಹಬ್ಬಿಸಿದರೆ ನೆಲವೂ ಮುಚ್ಚುತ್ತದೆ, ಚಟ್ನಿಗೂ ಆಗುತ್ತದೆ. ನಮ್ಮ ತುಳುವಿನ ತಿಮರೆ ಅದೇ ಅಲ್ಲವೇ! ಉದುರಿದ ಎಲೆಗೆ ಬೆಂಕಿ ಹಾಕುವ ಅಭ್ಯಾಸ ಬಿಡೋಣ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಿದರೆ ಮಾರ್ಚ್‌ನ ಬಿಸಿಲಿಗೂ ಮಣ್ಣು ಬೇಗ ಒಣಗದು, ಮಳೆ ಹೊಡೆತಕ್ಕೆ ಕೊಚ್ಚಿಕೊಂಡೂ ಹೋಗದು.

ಇನ್ನು ಮರ. ಬಿರುಗಾಳಿಗೆ ಮರ ಬಿದ್ದಾಗಲೆಲ್ಲ ಮರವನ್ನೇ ದೂರುತ್ತೇವೆ. ಬಿದ್ದ ಮರದ ಬುಡ ಹೋಗಿ ನೋಡಿದರೆ ಕಾರಣ ತಿಳಿಯುತ್ತದೆ. ಕಾಂಡದ ತನಕ ಕಾಂಕ್ರೀಟ್, ಒಂದು ಕಡೆ ಚರಂಡಿಗೆಂದು, ಇನ್ನೊಂದು ಕಡೆ ಕೇಬಲ್ಲಿಗೆಂದು ಬೇರು ಕಡಿದಿರುತ್ತಾರೆ. ತಂತಿಯ ಬದಿಯ ಕೊಂಬೆ ಮಾತ್ರ ಸವರಿ ಮರ ಒಂದೇ ಕಡೆ ವಾಲುವಂತೆ ಮಾಡಿರುತ್ತಾರೆ. ಹಾಗಿದ್ದರೂ ಜಾತಿಯ ಗುಣ ಇದ್ದೇ ಇದೆ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್ ರಸ್ತೆಗೆ ಶೋಭೆ, ಆದರೆ ಅದರ ಕೊಂಬೆ ಬೇಗ ಮುರಿಯುತ್ತದೆ, ಸಣ್ಣ ಅಂಗಳಕ್ಕೆ ಅದು ಬೇಡ. ನುಗ್ಗೆಯೂ ಹಾಗೆಯೇ, ಬೆಳೆಸುವುದಾದರೆ ಪ್ರತಿ ವರ್ಷ ಕಡಿದು ಗಿಡ್ಡವಾಗಿಡಬೇಕು. ಚಿಕ್ಕ ನಿವೇಶನಕ್ಕೆ ಪಾರಿಜಾತ, ಕರಿಬೇವು, ನಿಂಬೆ, ಸೀತಾಫಲ, ಪೇರಳೆ, ದಾಸವಾಳ, ನಂದಿಬಟ್ಟಲು ಸಾಕು. ಇಗರ್ಜಿ, ಶಾಲೆಗಳ ವಿಶಾಲ ಆವರಣಕ್ಕೆ ಹೊಂಗೆ, ಬೇವು, ನೇರಳೆ ಹೊಂದುತ್ತವೆ. ತಂತಿಯ ಕೆಳಗೆ ಮಾತ್ರ ಬೇಡ. ನೆಡುವ ಮೊದಲು ಗುಂಡಿಯಲ್ಲಿ ಮನೆ ಕಟ್ಟುವಾಗ ಹೂತ ಇಟ್ಟಿಗೆ ಚೂರು, ಸಿಮೆಂಟ್ ಪುಡಿಯನ್ನೆಲ್ಲ ತೆಗೆಯಿರಿ. ಸಸಿಗಳು ಲಾಲ್‌ಬಾಗಿನ ನರ್ಸರಿ ಸಹಕಾರ ಸಂಘದಲ್ಲಿ ಸಿಗುತ್ತವೆ.

ಮರಕ್ಕೆ ಹೆದರಿ ಕಡಿಸಲು ಹೊರಡುವವರಿಗೆ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೆಲವು ಜಾತಿಗಳನ್ನು ಬಿಟ್ಟು, ಸ್ವಂತ ಜಾಗದ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಒಣಗಿದ ಕೊಂಬೆ ತೆಗೆಸಲು ಮಾರ್ಚ್ ತಿಂಗಳಲ್ಲೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡುವುದು ಒಳ್ಳೆಯದು, ಮೇ ತಿಂಗಳಲ್ಲಿ ಅವರಿಗೆ ಬಿದ್ದ ಮರ ಎತ್ತುವುದೇ ಕೆಲಸ. ತಂತಿಯ ಮೇಲೆ ಕೊಂಬೆ ಬಿದ್ದರೆ ನಾವು ಯಾರೂ ಕೋಲು ಹಿಡಿದು ಹೋಗಬಾರದು, ಬೆಸ್ಕಾಂನ 1912ಕ್ಕೆ ಕರೆ ಮಾಡಬೇಕು. ಮೂರನೇ ಮಹಡಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ ಹೂಕುಂಡಗಳನ್ನೂ ಏಪ್ರಿಲ್‌ಗೆ ಮೊದಲು ಕೆಳಗಿಳಿಸಿ. ಹೋದ ವರ್ಷ ನಮ್ಮ ಬೀದಿಯಲ್ಲಿ ಗಾಳಿಗೆ ಬಿದ್ದ ಕುಂಡ, ಹಾಲು ತರಲು ಹೊರಟಿದ್ದ ಹೆಂಗಸಿನಿಂದ ಎರಡು ಹೆಜ್ಜೆ ದೂರದಲ್ಲಿ ಒಡೆಯಿತು.

ಅಂದ ಹಾಗೆ, ತೆಂಗಿನ ಸಸಿ ನೆಡಬೇಕೆಂದಿದ್ದ ಆ ಮೂಲೆಗೆ ಬಸಳೆ ಚಪ್ಪರ ಹಾಕಿ ನೋಡಿ. ಅಕ್ಕಿ, ತರಕಾರಿ ತೊಳೆದ ನೀರೇ ಅದಕ್ಕೆ ಸಾಕು. ಗಾಳಿಗೆ ಚಪ್ಪರ ಬಿದ್ದರೂ ಎತ್ತಿ ಕಟ್ಟಲು ಅರ್ಧ ಗಂಟೆಯ ಕೆಲಸ.