ಬ್ಯಾಟರಿ ಸೆಲ್ಲು: ಅಸಲಿ ಯಾವುದು, ನಕಲಿ ಯಾವುದು?



ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ಟಿನ ಬಳಿಗೆ ಹೋಗಲು, ಕಣದಲ್ಲಿ ಹರಡಿದ ಕಾಫಿಯ ಕಾವಲಿಗೆ, ನಾಯಿ ಬೊಗಳಿದರೆ ತೋಟದಂಚಿಗೆ ಆನೆ ಬಂದಿದೆಯೇ ಎಂದು ನೋಡಲು, ನಮಗೆಲ್ಲ ಬ್ಯಾಟರಿ ಬೇಕೇ ಬೇಕು. ಹಿಂದೆ ಮೂರು ಸೆಲ್ಲಿನ ಉದ್ದನೆಯ ಟಾರ್ಚು ಇರುತ್ತಿತ್ತು. ಸೆಲ್ಲು ಮುಗಿದರೆ ಬಿಸಾಡಿ ಹೊಸದು ಹಾಕುತ್ತಿದ್ದೆವು. ಈಗಿನ ಟಾರ್ಚು, ಹಣೆಗೆ ಕಟ್ಟುವ ಲೈಟು, ಬೆನ್ನಿಗೆ ಹಾಕುವ ಕೆಲವು ಸ್ಪ್ರೇಯರುಗಳು, ಇವುಗಳೊಳಗೆ ಇರುವುದು ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಲಿಥಿಯಂ ಅಯಾನ್ ಸೆಲ್ಲು. ಇದರಿಂದ ಉಪಕಾರ ಬಹಳ. ಆದರೆ ನಕಲಿ ಕೈಗೆ ಸಿಕ್ಕಿದರೆ ಅಪಾಯವೂ ಅಷ್ಟೇ.

ಈ ಮಾತನ್ನು ನಾನು ಪುಸ್ತಕ ಓದಿ ಬರೆಯುತ್ತಿಲ್ಲ. ಕಳೆದ ಕೊಯ್ಲಿನ ಕಾಲದಲ್ಲಿ ಸಂಘದ ಮಳಿಗೆಗೆಂದು ಪೇಟೆಯ ಒಂದು ಅಂಗಡಿಯಿಂದ 40 ಸೆಲ್ಲು ತಂದವನು ನಾನೇ. ಮೇಲೆ 9900 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಬೆಲೆ ಬೇರೆ ಸೆಲ್ಲುಗಳ ಅರ್ಧಕ್ಕಿಂತ ಕಡಿಮೆ. ಸದಸ್ಯರಿಗೆ ನಾಲ್ಕು ಕಾಸು ಉಳಿಯಲಿ ಎಂಬ ಆಸೆ ನನ್ನದು. ಅವುಗಳಲ್ಲೊಂದನ್ನು ನಮ್ಮದೇ ತೋಟದ ಲೈನ್ ಮನೆಯಲ್ಲಿ ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದರು. ನಡುರಾತ್ರಿ ಅದು ಸಿಡಿದು ಚಾಪೆಗೆ ಬೆಂಕಿ ಹತ್ತಿತು. ಮಗು ಗೋಡೆಯ ಮಗ್ಗುಲಿಗೆ ಮಲಗಿದ್ದರಿಂದ ಉಳಿಯಿತು. ಬೆಂಕಿ ಆರಿಸಲು ಹೋದ ತಾಯಿಯ ಅಂಗೈ ಸುಟ್ಟಿತು. ಅಂದಿನಿಂದ ಈ ವಿಷಯವನ್ನು ತಿಳಿದವರಲ್ಲಿ ಕೇಳಿ, ಓದಿ, ಅಳೆದು ನೋಡಿ ಕಲಿತದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಸಂಖ್ಯೆಯ ಅರ್ಥ

ಈ ಸೆಲ್ಲಿನ ಹೆಸರು 18650. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಕೊನೆಯ ಸೊನ್ನೆ ದುಂಡಗಿನ ಆಕಾರಕ್ಕೆ. ಸಾಧಾರಣ ವೋಲ್ಟೇಜು 3.6 ಅಥವಾ 3.7, ಪೂರ್ತಿ ಚಾರ್ಜಾದಾಗ 4.2. ಲಿಥಿಯಂ ಅಯಾನ್ ಸೆಲ್ಲನ್ನು ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ ಜಪಾನಿನ ಸೋನಿ ಕಂಪನಿ. ಇದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂದಿತು.

ಸೆಲ್ಲಿನಲ್ಲಿ ಹಿಡಿಯುವ ವಿದ್ಯುತ್ತನ್ನು ಮಿಲಿ ಆಂಪಿಯರ್ ಅವರ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಈ ಗಾತ್ರದ ಉತ್ತಮ ಸೆಲ್ಲಿನಲ್ಲಿಯೂ ಸಾಮಾನ್ಯವಾಗಿ ಹಿಡಿಯುವುದು ಸುಮಾರು 3500 ಅಷ್ಟೇ. ಹಾಗಿದ್ದ ಮೇಲೆ 9900 ಎಲ್ಲಿಂದ ಬಂತು? ಚೀಲದ ಮೇಲೆ ರಾಶಿ ಇಡಿ ಎಂದು ಬರೆದು ಒಳಗೆ ಗೊರಬಲು ತುಂಬಿದ ಹಾಗೆ. ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತ ಸೆಲ್ಲಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಿ ಮಾರುವವರೂ ಇದ್ದಾರೆ.

ಇನ್ನೊಂದು ಲೆಕ್ಕ ಆಂಪಿಯರ್. ಟ್ಯಾಂಕು ದೊಡ್ಡದಿದ್ದ ಮಾತ್ರಕ್ಕೆ ಪೈಪಿನಲ್ಲಿ ನೀರು ರಭಸವಾಗಿ ಬರುತ್ತದೆಯೇ? ಇಲ್ಲಿಯೂ ಹಾಗೆಯೇ. ಉದಾಹರಣೆಗೆ, ಸ್ಯಾಮ್‌ಸಂಗ್ ಕಂಪನಿಯ 35ಇ ಎಂಬ ಸೆಲ್ಲು 3500 ಹಿಡಿಯುತ್ತದೆ, ಆದರೆ ನಿರಂತರವಾಗಿ 8 ಆಂಪಿಯರ್ ಮಾತ್ರ ಕೊಡಬಲ್ಲದು. ಅದೇ ಕಂಪನಿಯ 25ಆರ್ ಹಿಡಿಯುವುದು 2500, ಕೊಡುವುದು 20 ಆಂಪಿಯರ್. ಎರಡೂ ಅತಿ ಹೆಚ್ಚು ಎಂದು ಸಾರುವ ಸೆಲ್ಲನ್ನು ನಂಬಬಾರದು.

ಗುರುತು ಹಿಡಿಯುವುದು ಹೇಗೆ?

1. ಏಲಕ್ಕಿ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿರಿ. ಅಸಲಿ ಸೆಲ್ಲು ಸಾಮಾನ್ಯವಾಗಿ ಸುಮಾರು 45ರಿಂದ 50 ಗ್ರಾಂ ಇರುತ್ತದೆ. ನಾನು ತಂದದ್ದು 31 ಗ್ರಾಂ ಇತ್ತು. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿಯೆಂದಲ್ಲ. ತೂಕ ಬಹಳ ಕಡಿಮೆಯಿದ್ದರೆ ನಕಲಿ ಎಂಬುದರಲ್ಲಿ ಸಂಶಯವಿಲ್ಲ.

2. ನಮ್ಮ ದೇಶದಲ್ಲಿ ಮಾರುವ ಲಿಥಿಯಂ ಸೆಲ್ಲಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆಯೂ ಇರಬೇಕು. ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ, ಬರುವ ಹೆಸರೂ ಸೆಲ್ಲಿನ ಮೇಲಿನ ಹೆಸರೂ ಒಂದೇ ಆಗಿದೆಯೇ ಎಂದು ನೋಡತಕ್ಕದ್ದು.

3. ಬಿಡಿ ಸೆಲ್ಲಿಗಿಂತ, ಸೆಲ್ಲು ಒಳಗೇ ಇರುವ ಟಾರ್ಚನ್ನೋ ಸ್ಪ್ರೇಯರ್ ತಯಾರಕರೇ ಕೊಡುವ ಪೂರ್ತಿ ಪ್ಯಾಕನ್ನೋ ಕೊಳ್ಳುವುದು ಉತ್ತಮ. ಬಿಡಿಯಾಗಿ ಕೊಳ್ಳಲೇಬೇಕಾದರೆ ರಕ್ಷಣಾ ಸರ್ಕ್ಯೂಟು ಇರುವುದನ್ನೇ ಆರಿಸಿರಿ. ಇದು ಎರಡು ಮೂರು ಮಿಲಿಮೀಟರ್ ಉದ್ದ ಹೆಚ್ಚಿರುವುದರಿಂದ ನಿಮ್ಮ ಟಾರ್ಚಿನಲ್ಲಿ ಕೂರುತ್ತದೆಯೇ ಎಂದು ನೋಡಿಕೊಳ್ಳಿ.

ಜೇಬಿನಲ್ಲಿ ಇಡಬೇಡಿ

ಇದೇ 18650 ಸೆಲ್ಲನ್ನು ಹೊರದೇಶಗಳಲ್ಲಿ ವೇಪ್ ಎನ್ನುವ ವಿದ್ಯುತ್ ಸಿಗರೇಟಿಗೂ ಬಳಸುತ್ತಾರೆ. ನಮ್ಮಲ್ಲಿ 2019ರ ಕಾನೂನಿನಂತೆ ಅದರ ತಯಾರಿಕೆ, ಆಮದು, ಮಾರಾಟ ಎಲ್ಲವೂ ನಿಷಿದ್ಧ. ಆದರೂ ಅಲ್ಲಿಯ ಅನುಭವ ನಮಗೆ ಪಾಠವಾಗಬೇಕು. ಅಮೆರಿಕದ ಅಗ್ನಿ ಆಡಳಿತ ಇಲಾಖೆಯು 2017ರಲ್ಲಿ ಪ್ರಕಟಿಸಿದ ವರದಿಯಂತೆ 2009ರಿಂದ 2016ರವರೆಗೆ ಇಂಥ ಸಾಧನಗಳು ಹೊತ್ತಿಕೊಂಡ ಅಥವಾ ಸಿಡಿದ 195 ಘಟನೆಗಳು ನಡೆದವು. ಅವುಗಳಲ್ಲಿ 61 ನಡೆದದ್ದು ಸಾಧನವೋ ಬಿಡಿ ಸೆಲ್ಲೋ ಜೇಬಿನಲ್ಲಿದ್ದಾಗ. 2021ರಲ್ಲಿ ಅಲ್ಲಿಯ ಗ್ರಾಹಕ ಸುರಕ್ಷತಾ ಆಯೋಗವು ಬಿಡಿ 18650 ಸೆಲ್ಲನ್ನು ಕೊಳ್ಳಲೇಬೇಡಿ ಎಂದು ಎಚ್ಚರಿಸಿತು.

ಕಾರಣ ಸರಳ. ಸೆಲ್ಲಿನ ಮೇಲ್ತುದಿಯ ಗುಬ್ಬಿ ಧನ. ಉಳಿದ ಡಬ್ಬಿಯೆಲ್ಲ ಋಣ. ನಡುವೆ ಇರುವುದು ತೆಳು ಹೊದಿಕೆ ಮಾತ್ರ. ಹೊದಿಕೆ ಹರಿದು, ಜೇಬಿನಲ್ಲಿರುವ ಬೀಗದ ಕೈಯೋ ಚಿಲ್ಲರೆಯೋ ಎರಡನ್ನೂ ಮುಟ್ಟಿದರೆ ಕ್ಷಣದಲ್ಲಿ ಸೆಲ್ಲು ಕೆಂಡವಾಗುತ್ತದೆ. ಒಮ್ಮೆ ಒಳಗೆ ಬಿಸಿ ಮಿತಿ ಮೀರಿದರೆ ಆ ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ. ಬಿಡಿ ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಇಡಬೇಕು.

ಚಾರ್ಜು ಮಾಡುವಾಗ

ಮಲಗಿದ ಮೇಲೆ ಚಾರ್ಜು ಬೇಡ. ಎಚ್ಚರವಿರುವಾಗ, ಸಿಮೆಂಟು ನೆಲದ ಮೇಲೆ, ಗೋಣಿ, ಚಾಪೆ, ಸಿಪ್ಪೆಯಿಂದ ದೂರವಿಟ್ಟು ಮಾಡಿರಿ. ಸ್ಪ್ರೇಯರಿನ ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂ ಪ್ಯಾಕಿಗೆ ಹಾಕಲೇಬಾರದು. ಹಳೆಯದು ಹೊಸದು ಬೆರೆಸಬಾರದು. ಊದಿದ, ನೆಗ್ಗಿದ, ಕೈಗೆ ಬಿಸಿ ತಟ್ಟುವ ಸೆಲ್ಲನ್ನು ಮತ್ತೆ ಬಳಸಬೇಡಿ. ಒಲೆಗೂ ಗೊಬ್ಬರದ ಗುಂಡಿಗೂ ಎಸೆಯಬೇಡಿ. ಬೆಂಕಿ ಹತ್ತಿದರೆ ಮೊದಲು ಜನರನ್ನು ಹೊರಗೆ ಕಳುಹಿಸಿ, ಮೇನ್ ಸ್ವಿಚ್ಚು ತೆಗೆದು, ದೂರದಿಂದ ಧಾರಾಳವಾಗಿ ನೀರು ಹೊಯ್ಯಿರಿ. ಆ ಹೊಗೆ ವಿಷ, ಉಸಿರಾಡಬಾರದು. ಕೈಯಿಂದ ಮುಟ್ಟಲೂ ಬಾರದು.

ಕೊನೆಯದಾಗಿ ಲೆಕ್ಕ ಒಪ್ಪಿಸುತ್ತೇನೆ. ತಂದ 40 ಸೆಲ್ಲುಗಳಲ್ಲಿ ಒಂದು ಸುಟ್ಟಿತು, 29 ಹಿಂದಕ್ಕೆ ಬಂದಿವೆ. ಇನ್ನು 10 ನಿಮ್ಮ ಮನೆಗಳಲ್ಲೋ ನಿಮ್ಮ ಆಳುಗಳ ಮನೆಗಳಲ್ಲೋ ಇವೆ. ಕೆಂಪು ಹೊದಿಕೆ, ಮೇಲೆ 9900 ಎಂಬ ಅಂಕಿ. ದಯವಿಟ್ಟು ಹುಡುಕಿ, ಚಾರ್ಜು ಮಾಡದೆ, ತುದಿಗಳಿಗೆ ಟೇಪು ಸುತ್ತಿ ಸಂಘದ ಕಚೇರಿಗೆ ತಂದುಕೊಡಿ. ರಸೀದಿ ಬೇಕಾಗಿಲ್ಲ. ಹಣವನ್ನು ಅಲ್ಲಿಯೇ ಹಿಂದಿರುಗಿಸಲಾಗುವುದು; ಅದು ಸಂಘದ ಖರ್ಚಲ್ಲ, ನನ್ನದು.

— ಕಾರ್ಯದರ್ಶಿ