ಮುಪ್ಪಿನ ಮನೆಯಲ್ಲಿ ಅರಿವಿನ ಅಭ್ಯಾಸ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ಒಮ್ಮೆ ಕಂಡವರು ಅಲ್ಲಿಯ ಮುದಿ ಮರಗಳನ್ನು ಮರೆಯಲಾರರು. ಸುಮಾರು 54 ಎಕರೆ ವಿಸ್ತಾರದ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಆ ಮಾನ್ಯತೆ ಪಡೆದ ಮೊದಲ ತಾಣವಿದು. ಇಲ್ಲಿಯ ಹಲವು ಮರಗಳ ಕಾಂಡ ಒಳಗೆ ಟೊಳ್ಳಾಗಿದೆ, ಕೊಂಬೆಗಳು ನೆಲಕ್ಕೆ ಬಾಗಿವೆ. ಆದರೂ ಚಿಗುರುವುದು ನಿಂತಿಲ್ಲ. ಬೇರೂರಿದ ಮಣ್ಣಿನಲ್ಲಿಯೇ ಅವು ಮುಪ್ಪಾಗಿವೆ.

ಮನುಷ್ಯರಲ್ಲಿ ಎಲ್ಲರಿಗೂ ಈ ಭಾಗ್ಯವಿಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಮಕ್ಕಳು ಉದ್ಯೋಗವನ್ನರಸಿ ದೂರ ಹೋದಾಗ, ಸಂಗಾತಿ ಅಗಲಿದಾಗ, ಕಾಯಿಲೆಗೆ ನಿತ್ಯದ ಆರೈಕೆ ಬೇಕಾದಾಗ ಹಿರಿಯರು ವೃದ್ಧಾಶ್ರಮವನ್ನೋ ಶುಶ್ರೂಷಾ ಗೃಹವನ್ನೋ ಸೇರಬೇಕಾಗುತ್ತದೆ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಮತ್ತು ಔಷಧ ದೊರೆಯಬಹುದು. ಆದರೆ ಎಷ್ಟು ಹೊತ್ತಿಗೆ ಏಳಬೇಕು, ಏನನ್ನು ಉಣ್ಣಬೇಕು, ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನೆಲ್ಲ ಬೇರೆಯವರೇ ನಿರ್ಧರಿಸುತ್ತಾರೆ. ಗಮನ ಕೊಡಬೇಕಾದ ಕೆಲಸವೇ ಇಲ್ಲವಾದಾಗ ಮನಸ್ಸು ಹಿಂದಿನ ನೋವಿಗೋ, ಬಾರದ ಮಗನ ನಿರೀಕ್ಷೆಗೋ ಅಂಟಿಕೊಳ್ಳುತ್ತದೆ. ದೇಹಕ್ಕೆ ಆರೈಕೆ ಸಿಕ್ಕರೂ ಮನಸ್ಸು ಬಾಡುವುದು ಹೀಗೆ.

ಇಂತಹ ಮನಸ್ಸಿಗೆ ನೆರವಾಗಬಲ್ಲ ಒಂದು ಸಾಧನವನ್ನು ಇಂದಿನ ವೈದ್ಯರು ‘ಮೈಂಡ್‌ಫುಲ್‌ನೆಸ್’ ಎಂದು ಕರೆಯುತ್ತಾರೆ. ಈ ಕ್ಷಣದಲ್ಲಿ ಏನು ನಡೆಯುತ್ತಿದೆಯೋ ಅದನ್ನು ಒಳ್ಳೆಯದು ಕೆಟ್ಟದ್ದೆಂದು ತೂಗದೆ ಗಮನವಿಟ್ಟು ತಿಳಿಯುವುದು ಎಂಬುದು ಅದರ ತಾತ್ಪರ್ಯ. ಬೌದ್ಧ ಧ್ಯಾನದಿಂದ ಬಂದ ಈ ಕ್ರಮವನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ ಅವರು ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಕಲಿಸತೊಡಗಿದರು. ಇದೇ ಎಂಟು ವಾರಗಳ ಶಿಕ್ಷಣವಾಗಿ ಬೆಳೆಯಿತು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನೂ ಉಸಿರನ್ನೂ ಒಂದೆಡೆ ನಿಲ್ಲಿಸುವ ರೂಢಿಯುಳ್ಳ ನಮ್ಮ ಹಿರಿಯರಿಗೆ ಇದು ತೀರ ಅಪರಿಚಿತವೆನಿಸಲಾರದು. ‘ಅರಿವು’ ಎಂಬ ನಮ್ಮ ಮಾತು ಈ ಅಭ್ಯಾಸಕ್ಕೂ ಒಪ್ಪುತ್ತದೆ.

ಆದರೆ ವೃದ್ಧಾಶ್ರಮದಲ್ಲಿ ಅರಿವೆಂದರೆ ಕಣ್ಣು ಮುಚ್ಚಿ ಕೂರುವುದಷ್ಟೇ ಎಂದು ತಿಳಿಯಬಾರದು. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಶುಶ್ರೂಷಾ ಗೃಹದಲ್ಲಿ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸ್ಮರಣೀಯ. ಒಂದು ಮಹಡಿಯ ಹಿರಿಯರಿಗೆ, ಕೋಣೆಯ ಜೋಡಣೆ, ಚಲನಚಿತ್ರ ನೋಡುವ ದಿನ ಮೊದಲಾದವುಗಳ ನಿರ್ಧಾರ ತಮ್ಮದೇ ಎಂದು ಹೇಳಿ, ತಾವೇ ನೀರೆರೆದು ಬೆಳೆಸಲು ಒಂದೊಂದು ಗಿಡವನ್ನು ಕೊಡಲಾಯಿತು. ಇನ್ನೊಂದು ಮಹಡಿಯವರಿಗೂ ಗಿಡ ದೊರೆಯಿತು. ಆದರೆ ಅದನ್ನು ದಾದಿಯರೇ ನೋಡಿಕೊಳ್ಳುವರೆಂದು ತಿಳಿಸಲಾಯಿತು. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಸಂತೋಷವಾಗಿ, ಇತರರೊಂದಿಗೆ ಬೆರೆಯುವವರಾಗಿ ಕಂಡುಬಂದರು. ಹದಿನೆಂಟು ತಿಂಗಳ ಬಳಿಕವೂ ಅವರ ಸ್ಥಿತಿ ಮೇಲಾಗಿಯೇ ಇತ್ತು. ಆ ಗುಂಪಿನಲ್ಲಿ ಸಾವುಗಳೂ ಕಡಿಮೆಯಿದ್ದವಾದರೂ, ಅಧ್ಯಯನ ಚಿಕ್ಕದು. ಆ ಲೆಕ್ಕವನ್ನು ಸಂಶೋಧಕರು ಮುಂದೆ ತಿದ್ದಬೇಕಾಯಿತು. ಆದ್ದರಿಂದ ಇದರಿಂದ ಆಯುಷ್ಯ ಹೆಚ್ಚುವುದೆಂದು ಹೇಳಲಾಗದು. ಇರುವಷ್ಟು ದಿನ ಎಚ್ಚರದಿಂದ ಬಾಳಬಹುದೆಂಬ ಪಾಠ ಮಾತ್ರ ಇಲ್ಲಿದೆ.

ಹಿರಿಯರು ನಿತ್ಯವೂ ಮಾಡಬಹುದಾದ ಕೆಲವು ಸರಳ ಅಭ್ಯಾಸಗಳು ಹೀಗಿವೆ.

ಉಸಿರು: ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೂರಿ, ಒಂದು ಕೈಯನ್ನು ಹೊಟ್ಟೆಯ ಮೇಲಿರಿಸಿ ಕುಳಿತುಕೊಳ್ಳಬೇಕು. ಉಸಿರಿನೊಂದಿಗೆ ಕೈ ಏರಿಳಿಯುವುದನ್ನು ಐದು ನಿಮಿಷ ಗಮನಿಸಿದರೆ ಸಾಕು. ಉಸಿರನ್ನು ಬಿಗಿಹಿಡಿಯುವುದು ಬೇಡ. ಮನಸ್ಸು ಎಲ್ಲಿಗೋ ಹೋದರೆ ಬೇಸರಿಸದೆ ಮರಳಿ ಕರೆತರಬೇಕು. ಉಬ್ಬಸವುಳ್ಳವರಿಗೆ ಉಸಿರಿನ ಮೇಲಿನ ಗಮನವೇ ಕಳವಳ ತರಬಹುದು. ಅವರು ಹಕ್ಕಿಯ ದನಿಯನ್ನೋ ಗಂಟೆಯ ನಾದವನ್ನೋ ಆಲಿಸಬಹುದು.

ಊಟ: ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಮುಪ್ಪಿನಲ್ಲಿ ನುಂಗುವ ಶಕ್ತಿ ಕುಗ್ಗುವುದುಂಟು. ಟಿ.ವಿ. ಆರಿಸಿ, ನೆಟ್ಟಗೆ ಕುಳಿತು, ಚಿಕ್ಕ ತುತ್ತಿನ ಬಿಸಿಯನ್ನೂ ಸಾರಿನ ಹುಳಿಯನ್ನೂ ಅರಿತು ಉಣ್ಣಬೇಕು. ಒಂದು ತುತ್ತು ಗಂಟಲಿನಿಂದ ಇಳಿದ ಮೇಲೆಯೇ ಇನ್ನೊಂದು. ಪದೇ ಪದೇ ಕೆಮ್ಮು ಬರುವವರು ಏನನ್ನು ಹೇಗೆ ತಿನ್ನಬೇಕೆಂದು ವೈದ್ಯರನ್ನು ಕೇಳಬೇಕು.

ನಡಿಗೆ: ಹಾಸಿಗೆಯಿಂದ ಎದ್ದೊಡನೆ ಹೊರಡದೆ, ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಅಂಗಾಲಿಗೆ ನೆಲ ತಾಗುವುದನ್ನು ಅರಿತು ಹೆಜ್ಜೆಯಿಡಬೇಕು. ಕಣ್ಣು ತೆರೆದಿರಲಿ, ಕೈ ಆಸರೆಯ ಮೇಲಿರಲಿ.

ಕೈಗೆಲಸ: ಬೇಸಿಗೆಯಲ್ಲಿ ಹುಣಸೆಹಣ್ಣಿನ ಸಿಪ್ಪೆ ಒಡೆದು, ನಾರು ಸೆಳೆದು, ಬೀಜ ಬಿಡಿಸುವ ಕೆಲಸ ಈ ಭಾಗದ ಅಜ್ಜಿಯರ ಬೆರಳುಗಳಿಗೆ ಚೆನ್ನಾಗಿ ಗೊತ್ತು. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ತುಳಸಿಗೆ ನೀರೆರೆಯುವುದು ಇವೆಲ್ಲ ಗಮನದ ಅಭ್ಯಾಸಗಳೇ. ಮರೆವಿನ ಕಾಯಿಲೆಯವರಿಗೆ ಧ್ಯಾನದ ಸೂಚನೆಗಳಿಗಿಂತ ಇಂತಹ ಪರಿಚಿತ ಸ್ಪರ್ಶ ಮತ್ತು ವಾಸನೆ ಹೆಚ್ಚು ಹತ್ತಿರವಾಗುತ್ತವೆ.

ಆಶ್ರಮಗಳನ್ನು ನಡೆಸುವವರಿಗೆ ಒಂದು ವಿನಂತಿ. ಹಿರಿಯರನ್ನು ಸುಮ್ಮನಿರಿಸುವ ಉಪಾಯವಾಗಿ ಧ್ಯಾನವನ್ನು ಬಳಸಬಾರದು. ನೋವೆಂದವರಿಗೆ ಔಷಧ ಬೇಕು, ಒಂಟಿತನವೆಂದವರಿಗೆ ಮಾತನಾಡುವ ಮನುಷ್ಯರು ಬೇಕು. ಬೇಡವೆಂದವರನ್ನು ಬಲವಂತಪಡಿಸಬಾರದು. ಮೊದಲು ಅವರ ಕೈಗೆ ಒಂದೆರಡು ನಿರ್ಧಾರಗಳನ್ನು ಮರಳಿಸಿ: ಸ್ನಾನದ ಹೊತ್ತು, ಕಿಟಕಿಯ ಬಳಿಯ ಕುರ್ಚಿ, ನಾಳೆಯ ಪಲ್ಯ. ತನ್ನದೆಂಬುದು ಏನಾದರೂ ಇದ್ದರೆ ಗಮನವೂ ಅಲ್ಲಿ ನೆಲೆಸುತ್ತದೆ.

ಎರಡು ವಾರ ಮೀರಿ ನಿದ್ರೆ, ಹಸಿವು, ಮಾತು ಕುಗ್ಗಿದರೆ ವಯಸ್ಸಿನ ಸಹಜ ಗುಣವೆಂದು ಕಡೆಗಣಿಸಬಾರದು. ಅದು ಖಿನ್ನತೆಯಾಗಿರಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸೇವೆಯ 14416, ಹಿರಿಯರ ಇತರ ತೊಂದರೆಗಳಿಗೆ ಎಲ್ಡರ್‌ಲೈನ್‌ನ 14567 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಧ್ಯಾನವನ್ನು ನೆಚ್ಚಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಯಾರೂ ನಿಲ್ಲಿಸಬಾರದು.

ಆಶ್ರಮದಲ್ಲಿ ತಂದೆತಾಯಿಯರನ್ನು ಬಿಟ್ಟಿರುವ ಮಕ್ಕಳು ಮುಂದಿನ ಸಲ ಹೋದಾಗ ಹಣ್ಣುಹಂಪಲು ಕೊಟ್ಟು ಕೂಡಲೇ ಹೊರಡದಿರಲಿ. ಫೋನನ್ನು ದೂರವಿರಿಸಿ, ಅವರ ಕೈಯನ್ನು ಹಿಡಿದು, ಹತ್ತು ನಿಮಿಷ ಅವರ ಮಾತನ್ನಷ್ಟೇ ಕೇಳಲಿ. ಈ ಅಭ್ಯಾಸದ ಅಗತ್ಯ ಹಿರಿಯರಿಗಿಂತ ನಮಗೇ ಹೆಚ್ಚಾಗಿದೆ.